ಈಜು ಬಾರದವರು ಕೈ ಎತ್ತಿ

"ನಿಮ್ಮಲ್ಲಿ ಯಾರಿಗೆ ಈಜು ಬರುವುದಿಲ್ಲ?"

ಯಾರಿಗೆ ಬರುತ್ತದೆ ಎಂದು ಕೇಳುವುದು ವಾಡಿಕೆ. ಪಡುಬಿದ್ರಿಯ ಆ ಜೀವರಕ್ಷಕ ಹುಡುಗ ಪ್ರಶ್ನೆಯನ್ನೇ ತಿರುಗಿಸಿಬಿಟ್ಟ. ನಮ್ಮ ಮಾವನವರು ಎದೆ ಮುಂದೆ ಮಾಡಿ ನಿಂತಿದ್ದರು, ನಮ್ಮವರು ಆಗಲೇ ಅಂಗಿ ಬಿಚ್ಚಿ ಭುಜದ ಮೇಲೆ ಹಾಕಿಕೊಂಡಿದ್ದರು. ನಾನೊಬ್ಬಳೇ ಹೋಂವರ್ಕ್ ಮಾಡದ ಹುಡುಗಿಯ ಹಾಗೆ ಕೈಯನ್ನು ಅರ್ಧಕ್ಕೆ ಎತ್ತಿದೆ.

"ಹಾಗಾದರೆ ಮಕ್ಕಳ ಕೈ ನೀವು ಹಿಡಿದುಕೊಳ್ಳಿ ಅಕ್ಕ."

ಅಷ್ಟು ಹೇಳಿ ಅವನು ಮುಂದಿನ ಗುಂಪಿನ ಕಡೆ ಹೋದ. ಇದು ನಡೆದದ್ದು ಭಾನುವಾರ. ಇವತ್ತು ಗುರುವಾರ. ದೋಸೆ ಹುಯ್ಯುವಾಗ, ಬಸ್ಸಿಗೆ ಕಾಯುವಾಗ ಆ ಮಾತೇ ಕಿವಿಯಲ್ಲಿ. ಹೊಗಳಿದನೋ, ಅಣಕಿಸಿದನೋ ಮೊದಲ ದಿನವೆಲ್ಲ ತಿಳಿಯಲಿಲ್ಲ.

ಮಕ್ಕಳನ್ನು ಈ ಬೇಸಿಗೆಯಲ್ಲಿ ಎಲ್ಲಾದರೂ ನೀರಿಗೆ ಇಳಿಸಲೇಬೇಕು ಎಂಬ ಮಾತು ಏಪ್ರಿಲ್‌ನಿಂದಲೂ ಮನೆಯಲ್ಲಿ ಕುದಿಯುತ್ತಿತ್ತು. ಮಗಳಿಗೆ ಎಂಟು, ಮಗನಿಗೆ ನಾಲ್ಕು. ಹಾಸನದಲ್ಲಿರುವ ನಮಗೆ ಹತ್ತಿರವೆಂದರೆ ಹೇಮಾವತಿ ಹಿನ್ನೀರು. ಬೇಸಿಗೆಯಲ್ಲಿ ಶೆಟ್ಟಿಹಳ್ಳಿಯ ಮುಳುಗುವ ಚರ್ಚು ನೀರಿನಿಂದ ಎದ್ದು ನಿಂತಿರುತ್ತದೆ, ದಡದಲ್ಲಿ ನೀರು ಮೊಣಕಾಲಿನಷ್ಟೇ ಕಾಣುತ್ತದೆ. ಆದರೆ ಕೆಳಗಿರುವುದು ಹೂಳು. ಕಾಲಿಟ್ಟರೆ ಬಿಡುವುದಿಲ್ಲ. ದೊಡ್ಡವರಿಗೇ ಚಪ್ಪಲಿ ಕಿತ್ತುಕೊಳ್ಳುವುದು ಕಷ್ಟವಾದರೆ ನಾಲ್ಕು ವರ್ಷದವನ ಗತಿಯೇನು? ನಾದಿನಿ ಮುರುಡೇಶ್ವರ ಎಂದಳು. 2024ರ ಡಿಸೆಂಬರ್‌ನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಅಲ್ಲಿಯೇ ನೀರುಪಾಲಾದರು. ಆ ದಿನದ ಪತ್ರಿಕೆಯನ್ನು ನಾನು ಮಡಚಿಟ್ಟುಬಿಟ್ಟಿದ್ದೆ. ಬೇಡ ಎಂದೆ, ಕಾರಣ ಹೇಳಲಿಲ್ಲ.

ಕೊನೆಗೆ ಪಡುಬಿದ್ರಿ ಹಟ ಹಿಡಿದದ್ದು ನಾನು. 2020ರಲ್ಲಿ ಭಾರತದ ಎಂಟು ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಸಿಕ್ಕಾಗ ಅದರಲ್ಲಿ ಕರ್ನಾಟಕದವು ಎರಡು: ಪಡುಬಿದ್ರಿ, ಹೊನ್ನಾವರದ ಕಾಸರಕೋಡು. ಡೆನ್ಮಾರ್ಕ್‌ನ ಸಂಸ್ಥೆಯೊಂದು ನೀರಿನ ಶುದ್ಧತೆಯಿಂದ ಹಿಡಿದು ಜೀವರಕ್ಷಕರವರೆಗೆ 33 ಮಾನದಂಡ ನೋಡಿ ಕೊಡುವ ಬಾವುಟ ಅದು. ಮಾವನವರಿಗೆ ಇದನ್ನು ವಿವರಿಸಿದಾಗ, "ಸಮುದ್ರಕ್ಕೂ ಮಾರ್ಕ್ಸ್ ಕಾರ್ಡೇ?" ಎಂದರು. ಅವರ ತಮಾಷೆಗೆ ಮನೆಯಲ್ಲಿ ಎಲ್ಲರೂ ನಗುತ್ತಾರೆ. ನಾನು ನಗುವುದು ಬಿಟ್ಟು ಮೂರು ವರ್ಷವಾಯಿತು.

ಮಾವನವರ ಬಗ್ಗೆ ಒಂದು ಮಾತು ಹೇಳಲೇಬೇಕು. ಸೋರೆಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಊರ ಕೆರೆಯಲ್ಲಿ ಈಜು ಕಲಿತವರು. ಮೂರನೆಯ ದಿನ ಅವರಪ್ಪ ಬುರುಡೆ ಕಿತ್ತುಕೊಂಡು ನೂಕಿದರಂತೆ. ಈ ಕಥೆಯನ್ನು ಶಿರಾಡಿ ಘಾಟಿನ ಒಂದೊಂದು ತಿರುವಿಗೂ ಒಂದೊಂದು ಕಂತಿನ ಹಾಗೆ ಹೇಳಿದರು. "ನಾವೆಲ್ಲ ಹಾಗೆಯೇ ಕಲಿತವರು" ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಒಳ್ಳೆಯ ಮನುಷ್ಯರೇ. ಆದರೆ ತಾವು ಬದುಕಿ ಉಳಿದದ್ದನ್ನೆಲ್ಲ ಪಾಠದ ಕ್ರಮ ಎಂದುಕೊಂಡಿದ್ದಾರೆ.

ತೀರದಲ್ಲಿ ಟಿಕೆಟ್ ಇದೆ, ಬಟ್ಟೆ ಬದಲಿಸುವ ಕೋಣೆಗಳಿವೆ, ಉಪ್ಪುನೀರು ತೊಳೆದುಕೊಳ್ಳಲು ಷವರ್ ಇದೆ. ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೋಗುವ ತಾಯಂದಿರಿಗೆ ಈ ಮೂರರ ಬೆಲೆ ಗೊತ್ತು. ನೀರಿಗಿಳಿಯುವ ಜಾಗವನ್ನು ಗುರುತು ಮಾಡಿರುತ್ತಾರೆ. ನಾವು ಹೊರಡುವ ಮುನ್ನ ಮಗನಿಗೆಂದು ಕೊಂಡಿದ್ದ ಬಾತುಕೋಳಿ ಆಕಾರದ ಗಾಳಿ ಟ್ಯೂಬನ್ನು ಆ ಹುಡುಗ ದಡದಲ್ಲಿಯೇ ಇಡಿಸಿದ. "ಈಜುಕೊಳಕ್ಕೆ ಆದೀತು. ಇಲ್ಲಿ ಗಾಳಿ ತಿರುಗಿದರೆ ಬಾತುಕೋಳಿ ಮಗುವನ್ನೂ ಕರೆದುಕೊಂಡು ಹೋಗುತ್ತದೆ" ಎಂದ. ಮಗ ಅತ್ತ. ಬಾತುಕೋಳಿ ಅತ್ತೆಯ ಪಕ್ಕದಲ್ಲಿ ಇಡೀ ಬೆಳಗ್ಗೆ ಕುಳಿತಿತ್ತು.

ಹತ್ತು ನಿಮಿಷ ಕಳೆದಿರಲಿಲ್ಲ, ಮಾವನವರು ದೂರಕ್ಕೆ ಕೈ ತೋರಿಸಿದರು. ಗುರುತು ಹಾಕಿದ ಜಾಗದಿಂದ ಆಚೆ ಒಂದು ಪಟ್ಟಿಯಷ್ಟು ನೀರು ಸುಮ್ಮನಿತ್ತು. ಎರಡೂ ಪಕ್ಕ ಅಲೆ ಒಡೆದು ನೊರೆಯಾಗುತ್ತಿದ್ದರೆ ನಡುವೆ ಕೆರೆಯ ಹಾಗೆ ಶಾಂತ. "ಅಲ್ಲಿ ನೋಡು, ಅಲೆಯೇ ಇಲ್ಲ. ಮಕ್ಕಳಿಗೆ ಅದಲ್ಲವೇ ಸರಿಯಾದ ಜಾಗ?" ನನಗೂ ಹಾಗೆಯೇ ಅನಿಸಿತು, ಒಪ್ಪಿಕೊಳ್ಳುತ್ತೇನೆ. ನಮ್ಮವರು ಆ ಕಡೆ ನಡೆಯತೊಡಗಿದ್ದರು. ಸೀಟಿ ಮೊಳಗಿತು. ಹುಡುಗ ಓಡಿ ಬಂದ.

"ಮಾರಾಯ್ರೆ, ಅಲೆ ತಂದ ನೀರೆಲ್ಲ ವಾಪಸು ಹೋಗುವ ದಾರಿ ಅದು."

ಅಲ್ಲಿ ಅಲೆ ಒಡೆಯದಿರುವುದಕ್ಕೆ ಕಾರಣ ಕೆಳಗೆ ಆಳವಾಗಿರುವುದು. ದಡಕ್ಕೆ ಬಂದ ನೀರು ಆ ಕಾಲುವೆಯಲ್ಲಿ ಕಡಲಿಗೆ ಮರಳುತ್ತದೆ, ಜೊತೆಗೆ ಸಿಕ್ಕವರನ್ನೂ ಒಯ್ಯುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಬಾರದಂತೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ದಡಕ್ಕೆ ತಿರುಗಬೇಕಂತೆ. ಕೆರೆಯಲ್ಲಿ ಕಲಿತವರು ಏನು ಮಾಡುತ್ತಾರೆ? ಹೆದರಿದ ಕೂಡಲೇ ಹತ್ತಿರದ ದಂಡೆಗೆ ನೇರವಾಗಿ ಕೈ ಬೀಸುತ್ತಾರೆ. ಕೆರೆಯಲ್ಲಿ ಅದು ಸರಿ. ಇಲ್ಲಿ ತೋಳು ಸೋಲುವವರೆಗೆ ಬೀಸಿದರೂ ದಡ ಹತ್ತಿರ ಬರುವುದಿಲ್ಲ. ಮಾವನವರು ಇದನ್ನು ಕೇಳಿಸಿಕೊಂಡರು, ಏನೂ ಹೇಳಲಿಲ್ಲ. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅಪರೂಪ.

ಮಕ್ಕಳು ಮರಳಿನಲ್ಲಿ ಗುಂಡಿ ತೋಡುತ್ತಿದ್ದಾಗ ನಾನೇ ಹೋಗಿ ಆ ಹುಡುಗನನ್ನು ಕೇಳಿದೆ: ಈಜು ಬಾರದ ನನಗೇ ಏಕೆ ಮಕ್ಕಳ ಕೈ ಕೊಟ್ಟೆ?

ಅವನು ನನ್ನ ಕಡೆ ನೋಡಲಿಲ್ಲ. ಮಾತಾಡುವಾಗಲೂ ಕಣ್ಣು ನೀರಿನ ಮೇಲೆಯೇ. "ಬರುವವರು ಮುಂದೆ ನೋಡುತ್ತಾರೆ ಅಕ್ಕ. ಬಾರದವರು ಮಗುವನ್ನು ನೋಡುತ್ತಾರೆ."

ಇಷ್ಟೇ. ಆದರೆ ನನಗೆ ನೆನಪಾದದ್ದು ಕಡಲಲ್ಲ, ಅಜ್ಜಿಯ ಊರಿನ ಕೆರೆ. ಬೇಸಿಗೆ ರಜೆಯಲ್ಲಿ ಅಣ್ಣಂದಿರು, ಚಿಕ್ಕಪ್ಪನ ಮಕ್ಕಳು ಎಲ್ಲ ಸೇರಿ ಏಳು ಜನ ಹುಡುಗರು ಏರಿಯಿಂದ ಧುಮುಕುತ್ತಿದ್ದರು. ನಾನು ಮೇಲೆ ಹುಣಸೆಮರದ ಕೆಳಗೆ ಅವರ ಬಟ್ಟೆ ಕಾಯುತ್ತಿದ್ದೆ. ಹೆಣ್ಣುಮಕ್ಕಳು ನೀರಿಗಿಳಿಯುವಂತಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅಜ್ಜಿ ಕೊಟ್ಟ ಕೆಲಸ ಇನ್ನೊಂದಿತ್ತು: "ತಲೆ ಎಣಿಸುತ್ತಿರು." ಏಳು. ಒಬ್ಬ ಮುಳುಗಿದರೆ ಆರು. ಅವನು ಏಳುವವರೆಗೆ ನನ್ನ ಉಸಿರೂ ನೀರಿನ ಕೆಳಗೆ. ಮತ್ತೆ ಏಳು. ಮಧ್ಯಾಹ್ನ ಊಟದ ಹೊತ್ತಿಗೆ ಅವರಿಗೆ ಹಸಿವು, ನನಗೆ ತಲೆನೋವು.

"ನಾವೆಲ್ಲ ಹಾಗೆಯೇ ಕಲಿತವರು" ಎಂಬ ಮಾತಿನ "ನಾವೆಲ್ಲ" ಎಂಬುದರಲ್ಲಿ ನಾನಿಲ್ಲ. ನಮ್ಮತ್ತೆಯೂ ಇಲ್ಲ. ಹೇಮಾವತಿ ದಂಡೆಯಲ್ಲಿಯೇ ಹುಟ್ಟಿ ಬೆಳೆದ ಅವರು ಮೊನ್ನೆ ಸೀರೆಯ ಅಂಚು ಎತ್ತಿ ಹಿಡಿದು ಪಾದ ಮುಳುಗುವಷ್ಟು ನೀರಿನಲ್ಲಿ ನಿಂತು, ಅಲೆ ಬಂದಾಗಲೆಲ್ಲ "ಅಯ್ಯೋ, ಕಾಲ ಕೆಳಗಿನ ಮಣ್ಣೇ ಹೋಯಿತಲ್ಲ" ಎಂದು ನಗುತ್ತಿದ್ದರು. ಅವರನ್ನು ಅಷ್ಟು ನಗುವುದನ್ನು ನಾನು ಕಂಡಿರಲಿಲ್ಲ. ಅರುವತ್ತೊಂದು ವರ್ಷ ಆ ನಗು ಎಲ್ಲಿತ್ತು?

ನಾನು ಮಕ್ಕಳ ಮಣಿಕಟ್ಟು ಹಿಡಿದು ಮೊಣಕಾಲುದ್ದದ ನೀರಿನಲ್ಲಿ ಒಂದೂವರೆ ಗಂಟೆ ಕುಳಿತೆ. ಫೋಟೊ ಒಂದೂ ಇಲ್ಲ. ಮೊಬೈಲ್ ಹಿಡಿಯಲು ಮೂರನೆಯ ಕೈ ಇರಲಿಲ್ಲ. ನಮ್ಮವರಿಗೆ ಅದರ ಬಗ್ಗೆ ಸ್ವಲ್ಪ ಬೇಸರವಿದೆ, ಇರಲಿ.

ಮಂಗಳವಾರ ಊರಿನ ಈಜುಕೊಳಕ್ಕೆ ಹೋಗಿ ಮಹಿಳೆಯರ ತರಗತಿಯ ಅರ್ಜಿ ತಂದೆ. ಮಗಳನ್ನು ಸೇರಿಸಲು ಹೋದವಳು ಎರಡು ಅರ್ಜಿ ಕೇಳಿದೆ. ಕೌಂಟರಿನಲ್ಲಿದ್ದವರು "ಇನ್ನೊಂದು ಮಗುವಿಗೆ ಎಷ್ಟು ವರ್ಷ?" ಎಂದರು. ಮೂವತ್ತೊಂಬತ್ತು ಎಂದೆ.

ಅರ್ಜಿ ಈಗ ಫ್ರಿಜ್ಜಿನ ಮೇಲಿದೆ. ನಿನ್ನೆ ರಾತ್ರಿ ಮಗಳು ಅದನ್ನು ಓದಿ, "ನಿನಗೂ ಈಜು ಬಂದ ಮೇಲೆ ನಮ್ಮ ಕೈ ಯಾರು ಹಿಡಿದುಕೊಳ್ಳುತ್ತಾರೆ?" ಎಂದು ಕೇಳಿದಳು.

"ಅಪ್ಪ" ಎಂದೆ.

ಅವಳು ಸೋಫಾದಲ್ಲಿ ಮೊಬೈಲ್ ನೋಡುತ್ತಿದ್ದ ಅಪ್ಪನನ್ನು ಒಮ್ಮೆ ತಿರುಗಿ ನೋಡಿದಳು. ನಂಬಿದ ಹಾಗೆ ಕಾಣಲಿಲ್ಲ.