ಒಲೆಯ ಪಕ್ಕದ ಡಬ್ಬಿ

ಮಿಜೋರಾಂನ ಐಜ್ವಾಲ್‌ನ ಆ ಮನೆಯಲ್ಲಿ ಒಲೆಯ ಪಕ್ಕ ಒಂದು ತಗಡಿನ ಡಬ್ಬಿ ಇತ್ತು. ಮನೆಯಾಕೆ ರಾತ್ರಿಯ ಅನ್ನಕ್ಕೆ ಅಕ್ಕಿ ಅಳೆದುಕೊಂಡರು. ತೊಳೆಯುವ ಮೊದಲು ಅದರಿಂದಲೇ ಒಂದು ಹಿಡಿ ತೆಗೆದು ಡಬ್ಬಿಗೆ ಹಾಕಿದರು. ಕೈ ಜೋಡಿಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಕುಕ್ಕರ್ ಇಟ್ಟು ಸೊಪ್ಪು ಬಿಡಿಸಲು ಕೂತರು.

ನಾನು ಸುಮ್ನೆ ನೋಡುತ್ತಾ ನಿಂತೆ. ಧಾರವಾಡದ ನಮ್ಮ ಅಜ್ಜಿ ನೆನಪಾದರು. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸುಗ್ಗಿ ಹಬ್ಬ ಬಂತೆಂದರೆ ಅಜ್ಜಿ ಹಿತ್ತಲ ಕುಂಬಳಕಾಯಿಯನ್ನು ಒರೆಸಿ ಒರೆಸಿ ಇಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಅದನ್ನೇ ಹರಾಜು ಹಾಕುತ್ತಿದ್ದರು. ಆದರೆ ಅದು ವರ್ಷಕ್ಕೊಮ್ಮೆ. ಇಲ್ಲಿ ಒಲೆ ಹಚ್ಚಿದಾಗಲೆಲ್ಲ ಹಬ್ಬ.

ಮಿಜೋ ಭಾಷೆಯಲ್ಲಿ ಇದಕ್ಕೆ ಬುಹ್‌ಫಾಯ್ ಥಾಮ್ ಅನ್ನುತ್ತಾರೆ. ಹಿಡಿ ಅಕ್ಕಿ ಅಂತಲೇ ಅರ್ಥ. ಶುರುವಾಗಿದ್ದು 1910ರ ಸುಮಾರಿಗೆ. ಆಗ ಮನೆಗಳಲ್ಲಿ ದುಡ್ಡು ಕಡಿಮೆ, ಹೆಂಗಸರ ಕೈಯಲ್ಲಂತೂ ಇನ್ನೂ ಕಡಿಮೆ. ಇದ್ದದ್ದು ಅಕ್ಕಿ. ಅದನ್ನೇ ಕೊಟ್ಟರು. ಇಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಮನೆ ಮನೆಗೆ ಹೋಗಿ ಕೂಡಿಸುತ್ತಾರೆ. ಮಾರಿ ಬಂದ ಹಣ ಸುವಾರ್ತೆಯ ಕೆಲಸಕ್ಕೆ ಹೋಗುತ್ತದೆ. 1894ರಲ್ಲಿ ಇಬ್ಬರು ಇಂಗ್ಲಿಷ್ ಮಿಷನರಿಗಳು ಈ ಬೆಟ್ಟಗಳಿಗೆ ಬಂದು ಮಿಜೋ ಮಾತಿಗೆ ಲಿಪಿ ಕೊಟ್ಟಿದ್ದರು. 1897ರಲ್ಲಿ ವೇಲ್ಸ್‌ನ ಪ್ರೆಸ್ಬಿಟೇರಿಯನ್ ಸಭೆಯ ಡಿ. ಇ. ಜೋನ್ಸ್ ಬಂದರು. ಎಲ್ಲೋ ದೂರದ ಊರಿನವರ ಕಾಣಿಕೆಯಿಂದ ದೇವರ ವಾಕ್ಯ ಕೇಳಿದ ಜನ ಇವರು. ಈಗ ಇವರ ಮಿಷನರಿಗಳೇ ಭಾರತದ ಬೇರೆ ಬೇರೆ ರಾಜ್ಯಗಳಲ್ಲಿದ್ದಾರೆ. ಅವರ ಬೆನ್ನಿಗೆ ಇಂಥ ಡಬ್ಬಿಗಳಿವೆ.

ಮರುದಿನ ಭಾನುವಾರ. ಅಂಗಡಿಗಳೆಲ್ಲ ಮುಚ್ಚಿದ್ದವು. ಬೆಳಿಗ್ಗೆಯ ಸಂಡೇ ಸ್ಕೂಲಿಗೆ ತಲೆ ನರೆತವರೂ ಸತ್ಯವೇದ ಹಿಡಿದು ಹೊರಟರು. ಇಲ್ಲಿ ಅದು ಮಕ್ಕಳಿಗೆ ಮಾತ್ರ ಅಲ್ಲ. ಆಮೇಲೆ ಆರಾಧನೆ. ಬಾಗಿಲಲ್ಲಿ ಒಬ್ಬ ಹಿರಿಯರು ‘ಚಿಬಾಯ್’ ಎಂದು ಕೈ ಕುಲುಕಿದರು. ನನ್ನ ಸಭೆ ಯಾವುದು, ಜಾತಿ ಯಾವುದು ಎಂದು ಕೇಳಲಿಲ್ಲ. ಕೂರಲು ಜಾಗ ತೋರಿಸಿದರು, ಅಷ್ಟೇ.

ಹಿರಿಯರಿಗೆ ಮಿಜೋದಲ್ಲಿ ಉಪಾ ಎನ್ನುತ್ತಾರೆ. ಪ್ರೆಸ್ಬಿಟೇರಿಯನ್ ಎಂಬ ಹೆಸರು ಹುಟ್ಟಿದ್ದೇ ಹಿರಿಯ ಎಂಬ ಗ್ರೀಕ್ ಮಾತಿನಿಂದ. ನಮ್ಮಲ್ಲಿ ಬಿಷಪ್ ಇದ್ದಾರೆ, ಇವರಲ್ಲಿ ಇಲ್ಲ. ಸಭೆ ಆರಿಸಿದ ಹಿರಿಯರೂ ಸಭಾಪಾಲಕರೂ ಒಟ್ಟಿಗೆ ಕೂತು ನಡೆಸುತ್ತಾರೆ. ಆ ಹಿರಿಯರ ಸಾಲಿನಲ್ಲಿ ಒಬ್ಬ ಹೆಂಗಸೂ ಕಾಣಲಿಲ್ಲ. ನನಗೆ ಅದು ನೋವಾಯಿತು. ಅಕ್ಕಿ ತೆಗೆದಿಟ್ಟ ಕೈಗಳಿಗೂ ಆ ಸಾಲಿನಲ್ಲಿ ಜಾಗ ಬೇಕು ಅಲ್ವಾ? ಈ ಸಭೆಯನ್ನು ಪ್ರೀತಿಸಿಯೇ ಇದನ್ನು ಹೇಳುತ್ತಿದ್ದೇನೆ.

ಹಾಡು ಶುರುವಾದಾಗ ಖುಆಂಗ್ ಎಂಬ ಡೋಲು ಬಾರಿಸಿದರು. ಮೊದಲ ಕಾಲದಲ್ಲಿ ಅದನ್ನು ಆರಾಧನೆಯಿಂದ ದೂರ ಇಟ್ಟಿದ್ದರಂತೆ. ಈಗ ಅದಿಲ್ಲದೆ ಹಾಡೇ ಇಲ್ಲ. ಒಂದು ಪದವೂ ನನಗೆ ಗೊತ್ತಿಲ್ಲ, ಆದರೂ ತುಟಿ ಆಡಿತು.

ಅಂದು ಒಂದು ಕೂಸಿಗೆ ದೀಕ್ಷಾಸ್ನಾನ ಇತ್ತು. ಅಮ್ಮನ ಹೆಗಲ ಮೇಲೆ ಅದು ಗಾಢ ನಿದ್ದೆಯಲ್ಲಿತ್ತು. ನೆತ್ತಿಗೆ ನೀರು ಬಿದ್ದಾಗ ಎಚ್ಚರವಾಗಿ ಅತ್ತಿತು. ಈ ಸಭೆಯ ನಂಬಿಕೆಯ ನಡುಮನೆಯಲ್ಲಿ ಇರುವುದು ಕೃಪೆ. ನಾವು ಏನೂ ಮಾಡುವ ಮೊದಲೇ ದೇವರು ನಮ್ಮನ್ನು ತನ್ನವರು ಅಂದುಕೊಂಡ. ಇದನ್ನು ಚಿಕ್ಕಂದಿನಿಂದ ಪ್ರಸಂಗಗಳಲ್ಲಿ ಕೇಳಿದ್ದೇನೆ. ಅಂದು ಕಣ್ಣಾರೆ ಕಂಡೆ. ಆ ಕೂಸು ಏನೂ ತಂದಿರಲಿಲ್ಲ, ಏನೂ ಕೇಳಿರಲಿಲ್ಲ. ಇಡೀ ಸಭೆ ಎದ್ದು ನಿಂತು ಅದನ್ನು ಒಳಗೆ ಕರೆದುಕೊಂಡಿತು.

ಹಾಗಾದರೆ ದಿನಾ ಅಕ್ಕಿ ಯಾಕೆ? ಕೃಪೆ ಬಿಟ್ಟಿಯಾಗಿ ಸಿಕ್ಕಿದ್ದರೆ ಕೊಡಬೇಕಾದ್ದು ಏನಿದೆ? ದಾರಿಯಲ್ಲಿ ಮನೆಯಾಕೆಯನ್ನು ಕೇಳಿಯೇಬಿಟ್ಟೆ. ಅವರ ಮಗ ನಡುವೆ ನಿಂತು ಮಾತು ದಾಟಿಸಿದ. ಆಕೆಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿರಬೇಕು. ‘ನಾವು ದಿನಾ ಊಟ ಮಾಡ್ತೀವಲ್ವಾ?’ ಅಂದರು.

ಆ ಮಾತನ್ನೇ ಮೆಲುಕು ಹಾಕುತ್ತಾ ಮಧ್ಯಾಹ್ನ ಕಳೆದೆ. ಬೈಬಲಿನ ಕಥೆಯಲ್ಲಿ ಬರುವ ಚಾರೆಪ್ತ ಊರಿನ ವಿಧವೆಯ ಮಡಕೆಯಲ್ಲೂ ಒಂದೇ ಹಿಡಿ ಹಿಟ್ಟಿತ್ತು. ಪ್ರವಾದಿ ಎಲೀಯನು ಅದರಲ್ಲೇ ತನಗೂ ಒಂದು ರೊಟ್ಟಿ ಕೇಳಿದ. ಬಡವಳ ಹತ್ತಿರ ಕೇಳಿದನಲ್ಲ ಎಂದು ಎಷ್ಟೋ ವರ್ಷ ನನಗೆ ಆ ಕಥೆ ಒಳಗೊಳಗೇ ಚುಚ್ಚುತ್ತಿತ್ತು. ಈಗ ಹಾಗನ್ನಿಸುವುದಿಲ್ಲ. ಕೊಡು ಎಂದು ಕೇಳುವುದೂ ಮರ್ಯಾದೆಯೇ. ನಿನ್ನಲ್ಲೂ ಕೊಡುವುದಕ್ಕೆ ಇದೆ ಎಂದು ನಂಬಿದವರೇ ಹಾಗೆ ಕೇಳುತ್ತಾರೆ.

ಸಂಜೆ ಆಕೆ ಮತ್ತೆ ಅಕ್ಕಿ ಅಳೆದರು. ನನ್ನ ಪಾಲೂ ಸೇರಿಸಿ ಒಂದು ಲೋಟ ಜಾಸ್ತಿ. ನಾನು ಜೇಬಿನಿಂದ ಐನೂರರ ನೋಟು ತೆಗೆದು ಡಬ್ಬಿಯ ಕಡೆ ಕೈ ಚಾಚಿದೆ. ಆಕೆ ತಲೆ ಆಡಿಸಿ ಬೇಡ ಅಂದರು. ಅಕ್ಕಿಯ ಪಾತ್ರೆಯನ್ನು ನನ್ನ ಮುಂದೆ ಸರಿಸಿದರು.

ಒಂದು ಹಿಡಿ ತೆಗೆದೆ. ಬೆರಳ ಸಂದಿಯಿಂದ ನಾಲ್ಕು ಕಾಳು ನೆಲಕ್ಕೆ ಬಿದ್ದವು. ಆಕೆ ಬಗ್ಗಿ ಅವನ್ನೂ ಆರಿಸಿ, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿದರು.