ಮನೆ ಸರ್ವರ್ ಲಾಗ್: ಯಾಮಲ್‌ನಿಂದ ಪಿಕಲ್‌ಗೆ, ಜೊತೆಗೆ ಫೌಂಡೇಷನ್ ಪ್ರಶ್ನೆ

ಮನೆಯ ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಮೇಲೆ ಓಡುವ ಸರ್ವಿಸ್‌ಗಳ ಕಾನ್ಫಿಗ್ (ಸೆಟ್ಟಿಂಗ್) ಫೈಲುಗಳನ್ನು ಯಾಮಲ್ (YAML) ಅನ್ನುವ ಸರಳ ಪಠ್ಯ ರೂಪದಿಂದ ಪಿಕಲ್ (Pkl) ಅನ್ನುವ ಕಾನ್ಫಿಗ್ ಭಾಷೆಗೆ ಸಾಗಿಸುವ ಕೆಲಸ ಅರ್ಧ ದಾಟಿತು. ಫೋಟೋ ಬ್ಯಾಕಪ್, ಜಾಹೀರಾತು ತಡೆಯುವ ಡಿಎನ್‌ಎಸ್, ಗಿಟ್ ಸರ್ವರ್ ಮೂರೂ ಈಗ ಒಂದೇ ಟೆಂಪ್ಲೇಟ್ ಮೇಲೆ ನಿಂತಿವೆ. ಮಾನಿಟರಿಂಗ್ ಬಾಕಿ.

ಲಾಭ ಕಣ್ಣಿಗೆ ಬಿದ್ದಿದ್ದು ಪೋರ್ಟ್ (ಸರ್ವಿಸ್‌ಗೆ ಸಂಪರ್ಕ ಬರುವ ಬಾಗಿಲಿನ ಸಂಖ್ಯೆ) ವಿಷಯದಲ್ಲಿ. ಹಳೆಯ ಯಾಮಲ್ 1.1 ನಿಯಮದ ಪ್ರಕಾರ 22:22 ಅಂತ ಕೋಟ್ ಹಾಕದೆ ಬರೆದರೆ ಅದು ಪೋರ್ಟ್ ಜೋಡಿ ಅಲ್ಲ. ಅರವತ್ತರ ಲೆಕ್ಕದ ಸಂಖ್ಯೆ, ಅಂದರೆ 1342! ಎರರ್ ಕೂಡ ಬರಲ್ಲ. ಪಿಕಲ್‌ನಲ್ಲಿ ಹೋಸ್ಟ್ (ಅಂದರೆ ಪೈ ಕಡೆಯ) ಪೋರ್ಟ್‌ಗೆ ಟೈಪ್ ಕೊಟ್ಟು (ಸಂಖ್ಯೆಯೇ ಆಗಿರಬೇಕು ಅಂತ), 1024ರಿಂದ 65535ರ ಒಳಗಿರಬೇಕು ಅಂತ ಷರತ್ತು ಹಾಕಿದೆ. ಬೇಕಂತಲೇ 80 ಕೊಟ್ಟು ನೋಡಿದೆ. ಯಾವ ಷರತ್ತು ಮುರಿಯಿತು, ಕೊಟ್ಟ ಸಂಖ್ಯೆ ಯಾವುದು, ಯಾವ ಸಾಲು ಅಂತ ಹೇಳಿ ಅಲ್ಲೇ ನಿಂತಿತು, ಕಂಟೇನರ್ (ಸರ್ವಿಸ್ ಓಡುವ ಪ್ರತ್ಯೇಕ ಡಬ್ಬಿ) ಏಳುವ ಮೊದಲೇ. ಡಿಎನ್‌ಎಸ್‌ಗೆ 53 ಬೇಕೇ ಬೇಕಲ್ಲ, ಅದಕ್ಕೆ ಷರತ್ತಿನಲ್ಲೇ ವಿನಾಯಿತಿ ಬರೆದಾಯಿತು.

ಇಷ್ಟು ಹಚ್ಚಿಕೊಂಡ ಮೇಲೆ ಈ ಭಾಷೆ ಯಾರ ಕೈಯಲ್ಲಿದೆ ಅಂತ ನೋಡಬೇಕಲ್ವಾ? ಪಿಕಲ್ ಅನ್ನು ಆಪಲ್ 2024ರ ಫೆಬ್ರವರಿಯಲ್ಲಿ ಅಪಾಚೆ 2.0 ಲೈಸೆನ್ಸ್ ಅಡಿ ಹೊರಬಿಟ್ಟಿತು. ಕೋಡ್ ಇರುವುದು ಗಿಟ್‌ಹಬ್‌ನಲ್ಲಿ ಆಪಲ್ ಖಾತೆಯಡಿ. ಇದೇ ಕೆಲಸ ಮಾಡುವ ಕೆಸಿಎಲ್ ಹುಟ್ಟಿದ್ದು ಆಂಟ್ ಗ್ರೂಪ್‌ನಲ್ಲಿ. ಅದು 2023ರಲ್ಲೇ ಸಿಎನ್‌ಸಿಎಫ್‌ನ (ಲಿನಕ್ಸ್ ಫೌಂಡೇಷನ್ ಅಡಿ ಇಂಥ ಮುಕ್ತ ಪ್ರಾಜೆಕ್ಟ್‌ಗಳನ್ನು ನೋಡಿಕೊಳ್ಳುವ ಸಂಸ್ಥೆ) ಸ್ಯಾಂಡ್‌ಬಾಕ್ಸ್, ಅಂದರೆ ಮೊದಲ ಹಂತ, ಸೇರಿದೆ. ಪಿಕಲ್ ಕೂಡ ಸೇರಬೇಕಾ?

ನನ್ನ ಉತ್ತರ: ಸೇರಲಿ, ಆದರೆ ಹೆಸರಿನ ಹಕ್ಕಿನ (ಟ್ರೇಡ್‌ಮಾರ್ಕ್) ಸಮೇತ.

ಲೈಸೆನ್ಸ್ ಮುಕ್ತವಾಗಿದ್ದರೆ ಸಾಕು ಅನ್ನುವವರು 2023ರ ಆಗಸ್ಟ್ ನೆನಪಿಸಿಕೊಳ್ಳಲಿ. ಹಾಶಿಕಾರ್ಪ್ ಕಂಪನಿ ತನ್ನ ಟೆರಾಫಾರ್ಮ್ (ಸರ್ವರ್ ವ್ಯವಸ್ಥೆಯನ್ನು ಫೈಲಿನಿಂದ ಕಟ್ಟುವ ಟೂಲ್) ಅನ್ನು ಮುಕ್ತ ಎಂಪಿಎಲ್ ಲೈಸೆನ್ಸ್‌ನಿಂದ ನಿರ್ಬಂಧವಿರುವ ಬಿಎಸ್‌ಎಲ್‌ಗೆ ಬದಲಿಸಿತು. ಟೆರಾಫಾರ್ಮ್ ಫೈಲ್ ಬರೆಯುವ ಎಚ್‌ಸಿಎಲ್ ಭಾಷೆಯ ಲೈಬ್ರರಿ ಎಂಪಿಎಲ್‌ನಲ್ಲೇ ಉಳಿಯಿತು, ನಿಜ. ಆದರೆ ಆ ಭಾಷೆಯಲ್ಲಿ ಬರೆಯುತ್ತಿದ್ದವರಿಗೆ ಬೇಕಿದ್ದದ್ದು ಅದನ್ನು ಓಡಿಸುವ ಟೂಲ್. ಹಳೆಯ ಕೋಡ್ ಫೋರ್ಕ್ ಆಯಿತು (ಬೇರೆಯವರು ಪ್ರತಿ ತೆಗೆದು ಮುಂದುವರಿಸಿದರು), ಹೆಸರು ಮಾತ್ರ ಕೈಗೆ ಬರಲಿಲ್ಲ. ಓಪನ್‌ಟೋಫು ಅಂತ ಹೊಸ ಹೆಸರಿಟ್ಟು, ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಫೌಂಡೇಷನ್ ಅಡಿ ಹೊಸದಾಗಿ ಶುರು ಮಾಡಬೇಕಾಯಿತು. ಅಪಾಚೆ 2.0 ಕೂಡ ಟ್ರೇಡ್‌ಮಾರ್ಕ್ ಹಕ್ಕು ಕೊಡುವುದಿಲ್ಲ. ಅದರ 6ನೇ ಕಲಂ ಓದಿದರೆ ಸಾಕು.

ಇನ್ನೊಂದು ಕಡೆ, ಫೌಂಡೇಷನ್ ಒಳಗಿದ್ದ ಮಾತ್ರಕ್ಕೆ ಎಲ್ಲ ಭದ್ರ ಅಂತಲೂ ಅಲ್ಲ. ಮೆಸೇಜಿಂಗ್ ಸಾಫ್ಟ್‌ವೇರ್ ನ್ಯಾಟ್ಸ್ 2018ರಲ್ಲೇ ಸಿಎನ್‌ಸಿಎಫ್ ಸೇರಿತ್ತು. 2025ರ ಏಪ್ರಿಲ್‌ನಲ್ಲಿ ಅದರ ಹಿಂದಿನ ಕಂಪನಿ ಸಿನಾಡಿಯಾ ಪ್ರಾಜೆಕ್ಟನ್ನು ವಾಪಸ್ ಕೇಳಿತು. ಟ್ರೇಡ್‌ಮಾರ್ಕ್ ಅಷ್ಟು ವರ್ಷ ಕಂಪನಿ ಹತ್ತಿರವೇ ಉಳಿದಿತ್ತು! ಮೇ ತಿಂಗಳಲ್ಲಿ ರಾಜಿಯಾಗಿ ಅದು ಲಿನಕ್ಸ್ ಫೌಂಡೇಷನ್‌ಗೆ ಹೋಯಿತು. ಮಗಳನ್ನು ಧಾರೆ ಎರೆದು ಕೊಟ್ಟು, ಸಾಮಾನು ತವರಲ್ಲೇ ಇಟ್ಟುಕೊಂಡ ಹಾಗೆ.

ಭಾಷೆ ಅಂದಮೇಲೆ ಹೆಸರಿನಷ್ಟೇ ಮುಖ್ಯ ಇನ್ನೊಂದಿದೆ, ಬರೆದಿಟ್ಟ ಸ್ಪೆಕ್ (ಭಾಷೆಯ ನಿಯಮಗಳ ದಾಖಲೆ). ಜೆಸಾನೆಟ್ ಅನ್ನುವ ಇನ್ನೊಂದು ಕಾನ್ಫಿಗ್ ಭಾಷೆ ನೋಡಿ. ಗೂಗಲ್‌ನಲ್ಲಿ ಹುಟ್ಟಿದ್ದು, ಆದರೂ ಸ್ಪೆಕ್ ಇದೆ, ಸಿ++ ಮತ್ತು ಗೋ ಎರಡರಲ್ಲೂ ಇಂಪ್ಲಿಮೆಂಟೇಷನ್ ಇದೆ. ಒಂದು ನಿಂತರೂ ನನ್ನ ಫೈಲಿನ ಅರ್ಥ ಬದಲಾಗಲ್ಲ. ಇಂಥ ಸ್ಪೆಕ್ ಅನ್ನು ಯಾವ ಫೌಂಡೇಷನ್ನೂ ಕೂತು ಬರೆದುಕೊಡಲ್ಲ. ಮೆಂಟೇನರ್‌ಗಳನ್ನೂ ತಂದುಕೊಡಲ್ಲ. ಆಪಲ್ ಸಂಬಳ ಕೊಟ್ಟು ಇಟ್ಟ ತಂಡದ ಕೆಲಸವನ್ನು ಯಾರು ಮಾಡಬೇಕು ಅನ್ನೋದು ಸೇರುವ ಮುಂಚೆಯೇ ತೀರ್ಮಾನ ಆಗಬೇಕು.

ನನ್ನ ಮಟ್ಟಿಗೆ ಸದ್ಯದ ಏರ್ಪಾಡು ಹೀಗಿದೆ: ಪ್ರತಿ ಕಮಿಟ್‌ನಲ್ಲೂ ಪಿಕಲ್ ಫೈಲ್ ಪಕ್ಕ ಅದರಿಂದ ಹುಟ್ಟಿದ ಯಾಮಲ್ ಕೂಡ ಹೋಗುತ್ತದೆ. ನಾಳೆ ಪಿಕಲ್ ಬಿಡಬೇಕಾದರೆ ಸರ್ವಿಸ್‌ಗಳು ಓಡುತ್ತಲೇ ಇರುತ್ತವೆ. ಟೈಪ್‌ಗಳು, ಷರತ್ತುಗಳು ಮಾತ್ರ ಕೈತಪ್ಪುತ್ತವೆ, ಆ ನಷ್ಟ ಒಪ್ಪಿಗೆ.

ಮುಂದೆ ಬಾಕಿ ಇರುವ ಮಾನಿಟರಿಂಗ್ ಟೂಲ್, ಪ್ರೊಮಿಥಿಯಸ್. ಅದರ ಜಾಬ್ (ಯಾವ ಸರ್ವಿಸ್ ಗಮನಿಸಬೇಕು ಅನ್ನುವ) ಪಟ್ಟಿ ಸುಮ್ನೆ ಕಾಪಿ-ಪೇಸ್ಟ್ ಮಾಡಿದ್ದೇ ಜಾಸ್ತಿ. ಒಂದು ಮ್ಯಾಪಿಂಗ್ ಬರೆದು ಲೂಪ್‌ನಲ್ಲಿ ಹುಟ್ಟಿಸುವ ಯೋಚನೆ ಇದೆ.