ಊರ ಭತ್ತದ ತಳಿಗಳಿಗೆ ಒಂದು ವೆಬ್‌ಸೈಟ್ ಕಟ್ಟಿದ ಬಗೆ

ನಮ್ಮ ಬೀಜ ಬಳಗದ ವೆಬ್‌ಸೈಟ್ ಕೊನೆಗೂ ಶುರುವಾಯಿತು. ಶಿರಸಿ, ಸಿದ್ದಾಪುರ, ಕುಮಟಾ ಸುತ್ತಿನ ಕೆಲವು ರೈತ ಕುಟುಂಬಗಳು ಸೇರಿ ಊರ ಭತ್ತದ ತಳಿಗಳನ್ನು ಉಳಿಸಿಕೊಂಡು, ಮಳೆಗಾಲಕ್ಕೆ ಮುಂಚೆ ಬೀಜ ಕೊಟ್ಟು ತೆಗೆದುಕೊಳ್ಳುವ ಬಳಗ ಇದು. ನೋಂದಣಿ, ಅಧ್ಯಕ್ಷರು ಎಂಬುದೆಲ್ಲ ಇಲ್ಲ. ನಾನು ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು. ಕಂಪ್ಯೂಟರ್ ದಿನವೂ ಬಳಸುತ್ತೇನೆ, ಕೋಡ್ ಬರೆಯಲು ಬಾರದು. ಹಾಗಾಗಿ ಕೋಡ್ ಬರೆಯದೆಯೇ ಸೈಟ್ ಕಟ್ಟಲು ಬರುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಹಿಡಿದೆ. ಮೊದಲ ಸಲ ಸೈಟ್ ಕಟ್ಟಲು ಹೊರಟವರಿಗೆ, ಅದರಲ್ಲೂ ಕನ್ನಡದಲ್ಲೇ ಕಟ್ಟುವವರಿಗೆ, ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಅಲ್ಲಿಯವರೆಗೆ ನಮ್ಮ ವ್ಯವಹಾರವೆಲ್ಲ ವಾಟ್ಸಾಪ್ ಗುಂಪಿನಲ್ಲಿ. "ನೆರೆಗುಳಿ ಬೀಜ ಯಾರ ಹತ್ರ ಇದೆ?" ಎಂದು ಯಾರೋ ಕೇಳುತ್ತಾರೆ. ಉತ್ತರ ಬರುತ್ತದೆ, ಎರಡು ದಿನದಲ್ಲಿ ಶುಭೋದಯದ ಚಿತ್ರಗಳ ಅಡಿಗೆ ಹೋಗುತ್ತದೆ, ಮುಂದಿನ ಮೇ ತಿಂಗಳಲ್ಲಿ ಮತ್ತೆ ಅದೇ ಪ್ರಶ್ನೆ. ಬದುಕಿಡೀ ಒಂದು ತಳಿ ಬೆಳೆದವರು ಧ್ವನಿ ಸಂದೇಶದಲ್ಲಿ ಹೇಳಿದ ಮಾತು ಯಾರದೋ ಫೋನಿನಲ್ಲಿ ಉಳಿದು, ಫೋನ್ ಬದಲಾದಾಗ ಹೋಗಿಬಿಡುತ್ತದೆ. ನನಗೆ ಹೊಟ್ಟೆ ಉರಿಯುತ್ತಿದ್ದದ್ದು ಇದಕ್ಕೇ. ಬೀಜ ಉಳಿದು ಅದರ ಜೊತೆಗಿನ ತಿಳಿವಳಿಕೆ ಹೋದರೆ, ಪಡೆದವರು ಅದನ್ನು ಹೊಂದದ ಗದ್ದೆಗೆ ಬಿತ್ತಿ ಒಂದೇ ವರ್ಷಕ್ಕೆ ಕೈಬಿಡುತ್ತಾರೆ.

ವರ್ಡ್‌ಪ್ರೆಸ್‌ನಂಥ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಅಂದರೆ ಸಿಎಂಎಸ್, ಮಾಡುವ ಮುಖ್ಯ ಕೆಲಸ ಒಂದೇ: ಬರೆದದ್ದನ್ನು ಒಂದು ಕಡೆ ಇಡುತ್ತದೆ, ಅದು ಕಾಣುವ ರೀತಿಯನ್ನು ಇನ್ನೊಂದು ಕಡೆ. ಬರಹ ಡೇಟಾಬೇಸ್‌ನಲ್ಲಿ, ರೂಪ ಥೀಮ್‌ನಲ್ಲಿ. ಇಂದು ಒಂದು ಥೀಮ್ ತೆಗೆದು ನಾಳೆ ಇನ್ನೊಂದು ಹಾಕಿದರೂ ಬರಹ ಕದಲುವುದಿಲ್ಲ. ವರ್ಡ್‌ಪ್ರೆಸ್ ಹುಟ್ಟಿದ್ದು 2003ರಲ್ಲಿ. ಬಿ2 ಎಂಬ ಹಳೆಯ ಬ್ಲಾಗ್ ತಂತ್ರಾಂಶದ ಕೆಲಸ ನಿಂತುಹೋದಾಗ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಅದರ ಕೋಡನ್ನು ಎತ್ತಿಕೊಂಡು ಮುಂದುವರಿಸಿದರು. ಮುಕ್ತ ಪರವಾನಗಿ ಇದ್ದುದರಿಂದ ಅದು ಸಾಧ್ಯವಾಯಿತು. ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ಹಕ್ಕಿನಿಂದ ಎತ್ತಿಕೊಳ್ಳಬಹುದು ಎಂಬ ಈ ಪದ್ಧತಿ ಬೀಜ ಹಂಚಿಕೊಳ್ಳುವ ನಮ್ಮಂಥವರಿಗೆ ತೀರ ಒಗ್ಗುತ್ತದೆ. ಜೂಮ್ಲಾ, ಡ್ರೂಪಲ್ ಎಂಬ ಬೇರೆ ಸಿಎಂಎಸ್‌ಗಳು ಕೂಡ ಮುಕ್ತ ತಂತ್ರಾಂಶಗಳೇ. ಆದರೆ ಸಿಕ್ಕಿಹಾಕಿಕೊಂಡರೆ ಕೇಳಲು ನಮ್ಮ ಸುತ್ತ ಇದ್ದವರಿಗೆ ಗೊತ್ತಿದ್ದದ್ದು ವರ್ಡ್‌ಪ್ರೆಸ್.

ಹೋಸ್ಟಿಂಗ್ (ಸೈಟ್ ಇಡುವ ಜಾಗ) ತೆಗೆದುಕೊಳ್ಳುವುದು, ಡೊಮೇನ್ (ಸೈಟ್‌ನ ಹೆಸರು) ಕೊಳ್ಳುವುದು, ಇನ್‌ಸ್ಟಾಲ್ ಬಟನ್ ಒತ್ತುವುದು, ಇವೆಲ್ಲ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತವೆ. ವಿವರಿಸುವ ವಿಡಿಯೊಗಳೂ ಬೇಕಾದಷ್ಟಿವೆ. ಆ ವಿಡಿಯೊಗಳೆಲ್ಲ ಇನ್‌ಸ್ಟಾಲ್ ಆದ ಕೂಡಲೇ ಥೀಮ್ ಆರಿಸಲು ಹೇಳುತ್ತವೆ. ನನ್ನ ಅಭಿಪ್ರಾಯ ಬೇರೆ. ಥೀಮ್ ಕಡೆ ಕಣ್ಣು ಹಾಯಿಸುವ ಮೊದಲು ಕಾಗದ ಪೆನ್ನು ಹಿಡಿದು ಕೂರಬೇಕು. ನಮ್ಮ ಸೈಟ್‌ನಲ್ಲಿ "ಒಂದು" ಎಂದರೆ ಏನು? ಒಂದು ಲೇಖನವೇ, ಒಬ್ಬ ರೈತರೇ, ಒಂದು ತಳಿಯೇ? ನಾವು ತಳಿ ಎಂದು ತೀರ್ಮಾನಿಸಿದೆವು. ವರ್ಡ್‌ಪ್ರೆಸ್‌ನಲ್ಲಿ ಮೊದಲೇ ಇರುವುದು ಪೋಸ್ಟ್ ಮತ್ತು ಪೇಜ್. ಪೋಸ್ಟ್‌ಗೆ ದಿನಾಂಕ ಮುಖ್ಯ, ಹೊಸದು ಮೇಲೆ ಬರುತ್ತದೆ. ರಾಜಮುಡಿಗೂ ರತ್ನಚೂಡಿಗೂ ಹೊಸದು ಹಳೆಯದು ಎಂಬುದೇನಿದೆ? ಅದಕ್ಕೆಂದೇ ಕಸ್ಟಮ್ ಪೋಸ್ಟ್ ಟೈಪ್ ಎಂಬ ಸೌಲಭ್ಯವಿದೆ, 2010ರ 3.0 ಆವೃತ್ತಿಯಲ್ಲಿ ಗಟ್ಟಿಯಾಗಿ ಬಂದದ್ದು. ಒಂದು ಪ್ಲಗಿನ್ (ವರ್ಡ್‌ಪ್ರೆಸ್‌ಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿಕೊಂಡು "ತಳಿ" ಎಂಬ ಹೊಸ ಬಗೆಯನ್ನೇ ಮಾಡಿಕೊಂಡೆ. ಡ್ಯಾಶ್‌ಬೋರ್ಡಿನ ಎಡಪಟ್ಟಿಯಲ್ಲಿ ಪೋಸ್ಟ್, ಮೀಡಿಯಾ, ಪೇಜ್‌ಗಳ ಜೊತೆ "ತಳಿಗಳು" ಎಂದು ಕನ್ನಡದಲ್ಲಿ ಬಂದು ಕೂತಾಗ ಆದ ಸಂತೋಷ ದೊಡ್ಡದು.

ಮುಂದಿನ ಪ್ರಶ್ನೆ, ತಳಿಯ ಪುಟದಲ್ಲಿ ಏನೇನು ಇರಬೇಕು. ಬಳಗದವರೆಲ್ಲ ಒಂದು ಜಗಲಿಯಲ್ಲಿ ಸೇರಿ ಮಾಡಿದ ಚರ್ಚೆಯ ಮೇಲೆ ಇಡೀ ಸೈಟ್ ನಿಂತಿದೆ. ಗದ್ದೆಯ ಬಗೆ ಮೊದಲು ಬೇಕು ಎಂದು ಎಲ್ಲರೂ ಒಪ್ಪಿದರು, ಯಾಕೆಂದರೆ ಬೀಜ ಕೇಳುವವರು ಹೆಸರು ಹೇಳಿ ಕೇಳುವುದಕ್ಕಿಂತ "ನಮ್ದು ಮಕ್ಕಿ ಗದ್ದೆ, ಯಾವುದು ಆಗ್ತದೆ?" ಎಂದು ಕೇಳುವುದೇ ಹೆಚ್ಚು. ಹಾಗಾಗಿ ಅದನ್ನು ಟ್ಯಾಕ್ಸಾನಮಿ, ಅಂದರೆ ತಳಿಗಳನ್ನು ವಿಂಗಡಿಸುವ ಗುಂಪು, ಮಾಡಿದೆ: ಮಕ್ಕಿ (ಎತ್ತರದ, ಮಳೆ ನಂಬಿದ ಗದ್ದೆ), ಬೈಲು (ತಗ್ಗಿನ ಗದ್ದೆ), ಗಜನಿ (ಉಪ್ಪುನೀರು ನುಗ್ಗುವ ಗದ್ದೆ), ನೆರೆ ನಿಲ್ಲುವ ಗದ್ದೆ. ಒಂದೊಂದರ ಮೇಲೆ ಒತ್ತಿದರೆ ಅದಕ್ಕೆ ಹೊಂದುವ ತಳಿಗಳೆಲ್ಲ ಬರುತ್ತವೆ. ಕಾಳಿನ ಉದ್ದ, ಮೀಸೆ ಇದೆಯೋ ಇಲ್ಲವೋ, ಅಕ್ಕಿಯ ಬಣ್ಣ, ಹುಲ್ಲಿನ ಎತ್ತರ, ಇವು ಫೀಲ್ಡ್‌ಗಳು, ಅಂದರೆ ಪ್ರತಿ ತಳಿಗೂ ತುಂಬಬೇಕಾದ ಖಾನೆಗಳು. ಹುಲ್ಲಿನ ಎತ್ತರ ಬೇಕೇ ಎಂದು ನಾನು ಕೇಳಿದ್ದಕ್ಕೆ ದನ ಸಾಕಿದವರು ಒಂದೇ ದನಿಯಲ್ಲಿ ಬೇಕು ಎಂದರು.

ಬಿತ್ತನೆಯ ಕಾಲದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದಿನಾಂಕ ತುಂಬುವ ಫೀಲ್ಡ್ ಇಡೋಣ ಎಂದರೆ ಯಾರೂ ದಿನಾಂಕದಲ್ಲಿ ಮಾತಾಡುವುದಿಲ್ಲ. ರೋಹಿಣಿ ಮಳೆಗೆ ಬಿತ್ತಬೇಕು, ಮೃಗಶಿರಕ್ಕೆ ತಡ, ಆರಿದ್ರಾದಲ್ಲಿ ನಾಟಿ: ಲೆಕ್ಕ ಹೀಗೆ. ಸರಿ, ಮಳೆಗಳ ಹೆಸರನ್ನೇ ಇಟ್ಟೆವು. ಇಲ್ಲಿ ಒಂದು ತಾಂತ್ರಿಕ ಸೂಕ್ಷ್ಮ ಇದೆ. ಅದನ್ನೂ ಟ್ಯಾಕ್ಸಾನಮಿ ಮಾಡಿದರೆ ವರ್ಡ್‌ಪ್ರೆಸ್ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುತ್ತದೆ. ಆರಿದ್ರಾ ಮೊದಲು, ರೋಹಿಣಿ ಕೊನೆಗೆ! ಆ ಪಟ್ಟಿ ನೋಡಿದ ಯಾವ ರೈತರೂ ಸೈಟ್ ನಂಬುವುದಿಲ್ಲ. ಅದಕ್ಕೆ ಅದನ್ನು ಆಯ್ಕೆಪಟ್ಟಿಯ ಫೀಲ್ಡ್ ಮಾಡಿ, ಕೃತ್ತಿಕಾ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ಮಳೆ ಬರುವ ಕ್ರಮದಲ್ಲೇ ಇಟ್ಟೆ. ನಗರದ ಓದುಗರಿಗಾಗಿ ರೋಹಿಣಿ ಎಂದರೆ ಮೇ ಕೊನೆಯ ವಾರದಿಂದ ಎಂದು ಕೆಳಗೆ ಸಣ್ಣದಾಗಿ ಬರುತ್ತದೆ.

ಫೋನ್ ನಂಬರ್ ಹಾಕಬಾರದು ಎಂದು ನಾನೇ ಹಟ ಹಿಡಿದೆ. ಯಾರ ಹತ್ತಿರ ಬೀಜವಿದೆ ಎಂಬುದು ಊರಿನ ಹೆಸರಿನಷ್ಟಕ್ಕೆ ಕಾಣುತ್ತದೆ, ಬೇಕಾದವರು ಬಳಗಕ್ಕೆ ಬರೆಯಬೇಕು. ಒಂದು ಕೊಳಗ ಬೀಜ ಇಟ್ಟುಕೊಂಡ ಅಜ್ಜಿಗೆ ದೇಶದ ಮೂಲೆಮೂಲೆಯಿಂದ ಕರೆ ಬರುವಂತೆ ಮಾಡುವುದು ಸರಿಯಲ್ಲ.

ಎಲ್ಲಕ್ಕಿಂತ ಮೊದಲು ತುಂಬಿದ್ದು ಕಗ್ಗದ ಪುಟ. ಅಘನಾಶಿನಿ ಕಡಲು ಸೇರುವ ಕಡೆ, ಮಾಣಿಕಟ್ಟಾ ಸುತ್ತಮುತ್ತ, ಉಪ್ಪುನೀರು ನುಗ್ಗುವ ಗಜನಿಯಲ್ಲಿ ಬೆಳೆಯುವ ಭತ್ತ ಇದು. ಮಳೆಗಾಲದ ನೀರು ಉಪ್ಪನ್ನು ತೊಳೆದು ತೆಳುವಾಗಿಸಿದಾಗ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಹಾಕುವುದಿಲ್ಲ. ಗಿಡ ನೀರಿನ ಮೇಲೆ ತಲೆ ಎತ್ತಿ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಈಗ ಫೀಲ್ಡ್‌ಗಳನ್ನು ನೋಡಿ: ಗದ್ದೆಯ ಬಗೆ ಗಜನಿ, ಅಕ್ಕಿ ಕೆಂಪು, ಗೊಬ್ಬರ ಇಲ್ಲ. ಆದರೆ ಸಿಗಡಿಯನ್ನು ಯಾವ ಫೀಲ್ಡ್‌ಗೆ ಹಾಕುವುದು? "ಭತ್ತದ ನಂತರ" ಎಂಬ ಹೊಸ ಫೀಲ್ಡ್ ಹುಟ್ಟಿದ್ದು ಹೀಗೆ. ಈಗ ಸಿದ್ದಾಪುರ ಕಡೆಯವರು ಅದೇ ಜಾಗದಲ್ಲಿ ಉದ್ದು, ಹೆಸರು ಬಿತ್ತುವುದನ್ನು ಬರೆಯುತ್ತಿದ್ದಾರೆ. ಒಂದು ತಳಿಯನ್ನು ಪೂರ್ತಿ ತುಂಬಿ ನೋಡಿ, ಆಮೇಲೆ ಉಳಿದವಕ್ಕೆ ಕೈ ಹಾಕುವುದು ಒಳ್ಳೆಯದು. ಕಾಗದದ ಮೇಲೆ ಕಾಣದ ಕೊರತೆ ಅಲ್ಲಿ ಕಾಣುತ್ತದೆ.

ಇನ್ನು ಕನ್ನಡದ ವಿಷಯ. ಆ ಪುಟಕ್ಕೆ "ಮಾಣಿಕಟ್ಟಾ ಗಜನಿಯ ಕಗ್ಗ ಭತ್ತ" ಎಂದು ಶೀರ್ಷಿಕೆ ಕೊಟ್ಟು ಪ್ರಕಟಿಸಿದಾಗ ಪುಟದ ವಿಳಾಸ "ಭತ್" ಎಂದು ಕೊನೆಯಾಗಿತ್ತು. ಒಂದು "ತ" ಮಾಯ. ಕಾರಣ ಹುಡುಕಿದೆ. ಈಗ ಎಲ್ಲ ಕಡೆ ಬಳಸುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ನ ಪ್ರತಿ ಕನ್ನಡ ಅಕ್ಷರವೂ, ಗುಣಿತದ ಚಿಹ್ನೆಯೂ, ಅರ್ಧಾಕ್ಷರದ ಚಿಹ್ನೆಯೂ ವೆಬ್‌ನಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ವಿಳಾಸದಲ್ಲಿ ಒಂದೊಂದು ಬೈಟ್ ಶೇಕಡಾ ಚಿಹ್ನೆ ಸೇರಿ ಮೂರು ಕ್ಯಾರೆಕ್ಟರ್ ಆಗುತ್ತದೆ, ಅಂದರೆ ಒಂದಕ್ಕೆ ಒಂಬತ್ತು. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಟ್ಟ ಮಿತಿ 200. ನಮ್ಮ ಶೀರ್ಷಿಕೆಯಲ್ಲಿ 22 ಚಿಹ್ನೆಗಳು, ನಡುವೆ ಮೂರು ಅಡ್ಡಗೆರೆ, ಒಟ್ಟು 201. ಒಂದೇ ಒಂದು ಹೆಚ್ಚಾಗಿ ಕೊನೆಯ ಅಕ್ಷರ ಬಿದ್ದುಹೋಯಿತು. ಇಂಗ್ಲಿಷಿನಲ್ಲಿ ಇಷ್ಟು ಉದ್ದದ ಶೀರ್ಷಿಕೆ ಮಿತಿಯ ಹತ್ತಿರವೂ ಹೋಗುವುದಿಲ್ಲ. ಜೊತೆಗೆ ಇಂಥ ವಿಳಾಸವನ್ನು ನಕಲು ಮಾಡಿ ಯಾರಿಗಾದರೂ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಹೋಗುತ್ತದೆ. ಪುಟದ ಶೀರ್ಷಿಕೆ ಕನ್ನಡದಲ್ಲೇ ಇರಲಿ, ಪಕ್ಕದಲ್ಲಿ ವಿಳಾಸದ ಈ ಭಾಗವನ್ನು ಬರೆಯುವ ಸ್ಲಗ್ ಎಂಬ ಜಾಗವಿದೆ, ಅಲ್ಲಿ ತಳಿಯ ಹೆಸರನ್ನಷ್ಟೇ ರೋಮನ್ ಲಿಪಿಯಲ್ಲಿ ಹಾಕಿ. ಪ್ರಕಟಿಸುವ ಮೊದಲೇ ಹಾಕಿ, ಹಂಚಿದ ಮೇಲೆ ವಿಳಾಸ ಬದಲಿಸುವುದು ಓದುಗರಿಗೆ ತೊಂದರೆ.

ಥೀಮ್‌ಗಳೆಲ್ಲ ರೋಮನ್ ಅಕ್ಷರ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನಾವು ಹಾಕಿಕೊಂಡ ಟ್ವೆಂಟಿ ಟ್ವೆಂಟಿ-ಫೋರ್ ಸರಳವಾಗಿದೆ, ನನಗೆ ಇಷ್ಟ. ಆದರೆ ಇಂಥ ಥೀಮ್‌ಗಳ ದೊಡ್ಡ ತಲೆಬರಹಗಳಲ್ಲಿ ಸಾಲುಗಳು ಒತ್ತೊತ್ತಾಗಿರುತ್ತವೆ. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲಿನ ಎತ್ತರವನ್ನು 1.7ಕ್ಕೆ ಏರಿಸಿದ ಮೇಲೆ ಅಕ್ಷರಗಳಿಗೆ ಉಸಿರಾಡಲು ಜಾಗ ಸಿಕ್ಕಿತು. ಅಕ್ಷರಗಳ ನಡುವಿನ ಅಂತರ ಸೊನ್ನೆ ಇರಲಿ. ಓರೆ ಅಕ್ಷರ ಬಳಸಬೇಡಿ, ಕನ್ನಡ ಫಾಂಟಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಬ್ರೌಸರ್ ಬಲವಂತವಾಗಿ ಅಕ್ಷರಗಳನ್ನು ವಾಲಿಸುತ್ತದೆ. ವರ್ಡ್‌ಪ್ರೆಸ್‌ನ 6.5 ಆವೃತ್ತಿಯಿಂದ ಎಡಿಟರ್‌ನಲ್ಲೇ ಫಾಂಟ್ ಲೈಬ್ರರಿ ಇದೆ, ನೋಟೊ ಸೆರಿಫ್ ಕನ್ನಡ ಅಲ್ಲಿಂದಲೇ ಹಾಕಿಕೊಂಡೆ.

ಹಳೆಯ ಟಿಪ್ಪಣಿಗಳಲ್ಲಿ ಬಹಳಷ್ಟು ಡಿಟಿಪಿ ಅಂಗಡಿಯಲ್ಲಿ "ನುಡಿ" ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಾದವು. ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೂ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ. ಹಳೆಯ ಫಾಂಟಿನಲ್ಲಿ ಅದು ಅಕ್ಷರದ ಆಚೆ ಕೂರುತ್ತದೆ, ಯೂನಿಕೋಡ್‌ನಲ್ಲಿ ಅಕ್ಷರಕ್ಕೆ ಮೊದಲೇ ಬರಬೇಕು.

ಫೋಟೊಗಳ ಬಗ್ಗೆ ಒಂದು ಮಾತು. ಒಂದು ಚಿತ್ರ ಏರಿಸಿದರೆ ವರ್ಡ್‌ಪ್ರೆಸ್ 150, 300, 768, 1024 ಪಿಕ್ಸೆಲ್ ಎಂದು ಹಲವು ಅಳತೆಯ ಪ್ರತಿಗಳನ್ನು ಮಾಡಿಟ್ಟುಕೊಳ್ಳುತ್ತದೆ. ಫೋನಿನ ದೊಡ್ಡ ಫೋಟೊಗಳನ್ನು ಹಾಗೇ ಸುರಿದರೆ ಹೋಸ್ಟಿಂಗ್ ಜಾಗ ಬೇಗ ತುಂಬುತ್ತದೆ. ಮೊದಲೇ ಕಿರಿದು ಮಾಡಿ. ತೆನೆಯ ಫೋಟೊ, ಅಂಗೈಯಲ್ಲಿ ಕಾಳಿನ ಫೋಟೊ, ಇವೆರಡು ಪ್ರತಿ ತಳಿಗೂ ಕಡ್ಡಾಯ ಎಂದು ನಿಯಮ ಮಾಡಿಕೊಂಡಿದ್ದೇವೆ.

ಸಿಎಂಎಸ್‌ನ ನಿಜವಾದ ಲಾಭ ಬೇರೆಯವರು ಬರೆಯಲು ಶುರು ಮಾಡಿದಾಗ ಕಂಡಿತು. ಬಳಗದ ಮಕ್ಕಳಲ್ಲಿ ಕಾಲೇಜಿಗೆ ಹೋಗುವವರಿಗೆ ಕಾಂಟ್ರಿಬ್ಯೂಟರ್ ಎಂಬ ಪಾತ್ರ ಕೊಟ್ಟಿದ್ದೇನೆ. ಅವರು ಬರೆದು ಪರಿಶೀಲನೆಗೆ ಕಳಿಸಬಹುದು, ಪ್ರಕಟಿಸಲು ಆಗುವುದಿಲ್ಲ. ಆ ಪಾತ್ರದಲ್ಲಿ ಚಿತ್ರ ಏರಿಸಲೂ ಬರುವುದಿಲ್ಲ, ಹಾಗಾಗಿ ಫೋಟೊಗಳನ್ನು ನನಗೆ ಕಳಿಸುತ್ತಾರೆ. ಮೇಲ್ನೋಟಕ್ಕೆ ಇದು ಕಿರಿಕಿರಿ, ಆದರೆ ಯಾವ ತೆನೆ ಯಾವ ತಳಿಯದು ಎಂದು ಹಿರಿಯರೊಬ್ಬರು ನೋಡಿ ಹೂಂ ಎಂದ ಮೇಲೇ ಚಿತ್ರ ಸೈಟ್‌ಗೆ ಹೋಗುವುದು ನಮಗೆ ಬೇಕಾಗಿತ್ತು. ಕೇರಳದ ಕಾಸರಗೋಡಿನಲ್ಲಿ 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದ ಸತ್ಯನಾರಾಯಣ ಬೆಳೇರಿ, ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಭತ್ತದ ತಳಿಗಳನ್ನು ಉಳಿಸಿದ ಸೈಯದ್ ಘನಿ ಖಾನ್ ಅವರಂಥವರ ಕೆಲಸದ ಮುಂದೆ ನಮ್ಮ ಪಟ್ಟಿ ಚಿಕ್ಕದು. ಚಿಕ್ಕದಾದರೂ ಅದರಲ್ಲಿ ಇರುವುದು ಸರಿಯಾಗಿರಬೇಕು.

ಪ್ಲಗಿನ್ ಕಡಿಮೆ ಇಡಿ. ನಮ್ಮಲ್ಲಿ ಇರುವುದು ಫೀಲ್ಡ್‌ಗಳಿಗೆ, ಪೋಸ್ಟ್ ಟೈಪ್‌ಗೆ, ಬ್ಯಾಕಪ್‌ಗೆ ಬೇಕಾದವು ಮಾತ್ರ. ಭದ್ರತೆಯ ತೂತುಗಳು ಹೆಚ್ಚಾಗಿ ಪ್ಲಗಿನ್‌ಗಳಲ್ಲೇ ಸಿಗುತ್ತವೆ, ಅಪ್‌ಡೇಟ್ ಬಂದ ಕೂಡಲೇ ಹಾಕಬೇಕು. ಟೂಲ್ಸ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಬರಹವೆಲ್ಲ ಒಂದು ಫೈಲಾಗಿ ಇಳಿಯುತ್ತದೆ, ಆದರೆ ಚಿತ್ರಗಳ ಫೈಲುಗಳು ಅದರಲ್ಲಿ ಬರುವುದಿಲ್ಲ, ಅವನ್ನು ಬೇರೆಯೇ ಉಳಿಸಿಕೊಳ್ಳಬೇಕು. ಡೊಮೇನ್ ನವೀಕರಣದ ಇಮೇಲ್ ನನ್ನೊಬ್ಬಳಿಗೇ ಬರದಂತೆ ಬಳಗದ ಹೆಸರಿನ ವಿಳಾಸಕ್ಕೆ ಬರುವ ಹಾಗೆ ಮಾಡಿದ್ದೇವೆ. ಪಾಸ್‌ವರ್ಡ್ ಇಬ್ಬರ ಹತ್ತಿರ ಇದೆ.

ಈಗ ಕೈಗೆತ್ತಿಕೊಂಡಿರುವುದು ಧ್ವನಿ ಸಂದೇಶಗಳನ್ನು. ಗುಂಪಿನಲ್ಲಿ ಹರಡಿಹೋದವನ್ನು ಒಬ್ಬೊಬ್ಬರ ಫೋನಿನಿಂದ ಕೇಳಿ ತರಿಸಿಕೊಂಡು, ಎಂಪಿ3 ಮಾಡಿ, ಹೇಳಿದವರ ಒಪ್ಪಿಗೆ ಪಡೆದು, ಆಯಾ ತಳಿಯ ಪುಟದಲ್ಲಿ ಆಡಿಯೊ ಬ್ಲಾಕ್ ಆಗಿ ಹಾಕುತ್ತಿದ್ದೇನೆ. ಕಗ್ಗದ ಗಂಜಿ ಕಾಸುವ ಬಗ್ಗೆ ಕುಮಟಾ ಕಡೆಯ ಅತ್ತೆಯೊಬ್ಬರು ಮಾತಾಡಿದ್ದು ಸಿಕ್ಕಿದೆ. ನೆರೆಗುಳಿಯ ಬಗ್ಗೆ ಮಾತಾಡಿದ್ದು ಯಾರ ಹತ್ತಿರವಾದರೂ ಇದ್ದರೆ, ರೋಹಿಣಿ ಮಳೆಗೆ ಮೊದಲು ಕಳಿಸಿಕೊಡಿ.